ಅಂತ ಬಿಟ್ಟ ಮಾತು

ಹನ್ನೆರಡನೇ ಮಾರ್ಚ್ 1975, ಬುಧವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹಮಾಲ ಚಂದ್ರಾಮ ವಡಾಲದ ಠಾಣೆಯ ಬಾಗಿಲಲ್ಲಿ ಬಂದು ಕುಸಿದು ಕೂತ. ಆಂಟಾಪ್ ಹಿಲ್‌ನ ಚಾಳಿನ ನಳದ ಹತ್ತಿರ ಅವನ ಅಕ್ಕ ನಾಗವ್ವನನ್ನು ಜನ ಬಡಿದು ಕೊಂದಿದ್ದರು. ಮಕ್ಕಳ ಕಳ್ಳಿ ಎಂಬುದು ಅವರ ಕಾರಣ. ಎಫ್‌ಐಆರ್ ಬರೆದುಕೊಂಡವನು ಹವಾಲ್ದಾರ ಖಂಡಪ್ಪ. ಅವನ ಮನೆಯೂ ಅದೇ ಚಾಳಿನಲ್ಲಿತ್ತು.

ನಾಗವ್ವ ಕೌದಿ ಹೊಲಿಯುವವಳು. ಮನೆಮನೆಯಿಂದ ಹಳೆಯ ಬಟ್ಟೆ ಬೇಡಿ ತಂದು, ತುಂಡಿಗೆ ತುಂಡು ಜೋಡಿಸಿ ಹಾಸಿ ಹೊದೆಯುವ ಕೌದಿ ಮಾಡುತ್ತಿದ್ದಳು. ಹನ್ನೊಂದೂ ಮುಕ್ಕಾಲಿಗೆ ಪಂಚನಾಮೆ ಆಯಿತು. ತಲೆಯ ಮೇಲೆ ನಾಲ್ಕು ಗಾಯ, ಎಡಗೈ ಎರಡು ಕಡೆ ಮುರಿದಿತ್ತು. ಚೀಲದಲ್ಲಿ ಮಕ್ಕಳ ಅಂಗಿ ಒಂಬತ್ತು. ಆ ಅಂಗಿಗಳನ್ನು ಎತ್ತಿ ತೋರಿಸುತ್ತಲೇ ಬಡಿದಿದ್ದರು. ಒಂಬತ್ತರಲ್ಲಿ ಐದನ್ನು ಅವಳಿಗೆ ಕೊಟ್ಟದ್ದು ಬಡಿದವರ ಹೆಂಡಂದಿರೇ.

ಸಂಜೆಯೊಳಗೆ ಮೊದಲು ಕೈ ಎತ್ತಿದ ದಾನಪ್ಪ ಮತ್ತು ಇನ್ನೈವರು ಲಾಕಪ್ ಸೇರಿದರು. ಇನ್‌ಸ್ಪೆಕ್ಟರ್ ಪೂವಪ್ಪ ಮಂಗಳೂರು ಕಡೆಯವರು. ಅವರಿಗೆ ಸಮಾಧಾನವಾಗಲಿಲ್ಲ.

“ಎಲ್ಲಿಯೂ ಒಂದು ಮಗು ಕಾಣೆಯಾಗಿಲ್ಲ ಮಾರಾಯ. ಹೊಡೆದವರು ಸಿಕ್ಕಿದರು, ಹೊಡೆಸಿದ್ದು ಯಾರು?”

ಎರಡು ದಿನ ಪೂವಪ್ಪ, ಖಂಡಪ್ಪ ಇಬ್ಬರೂ ಚಾಳಿನ ಒಬ್ಬೊಬ್ಬರನ್ನೂ ಕೇಳಿದರು: ನಿನಗೆ ಯಾರು ಹೇಳಿದರು, ನೀನು ಯಾರಿಗೆ ಹೇಳಿದೆ. ಪೂವಪ್ಪ ದೊಡ್ಡ ಕಾಗದದ ಮೇಲೆ ಆಳಿಗೊಂದು ಚುಕ್ಕೆ ಇಟ್ಟು, ಮಾತು ಹೋದ ದಾರಿಗೆ ಗೆರೆ ಎಳೆದರು. ಇಪ್ಪತ್ತಮೂರು ಚುಕ್ಕೆ. ಕಾಗದ ಜೇಡರ ಬಲೆಯಂತಾಯಿತು.

“ಎಲ್ಲ ಗೆರಿ ಒಂದ ಅಲ್ಲರಿ ಸಾಹೇಬ್ರ,” ಎಂದ ಖಂಡಪ್ಪ. ಮೂರನೇ ಇಯತ್ತೆಯವರೆಗೆ ಶಾಲೆ ಓದಿದವನಿಗೆ ಬರುತ್ತಿದ್ದುದು ಆಣೆಯ ಲೆಕ್ಕ. “ಇದು ನಾಕಾಣೆ ಖರೆ. ಲೋಕಲ್ ರೈಲಿನ್ಯಾಗ ಯಾರೋ ಅಂದ್ರಂತ. ಇದು ಎಂಟಾಣೆ, ಹೇಳಿದವ್ರ ಹೆಸರರೆ ಐತಿ. ‘ಅಂತ’ ಬಿಟ್ಟು ಹದಿನಾರಾಣೆ ಖರೆ ಅನ್ನೂದು ಬ್ಯಾರೇನ.”

ಪೂವಪ್ಪ ಪ್ರತಿ ಗೆರೆಯ ಮೇಲೂ ಆಣೆ ಬರೆದರು. “ಹಾಗಾದರೆ ಒಂದು ದಾರಿ ಎಷ್ಟು ಗಟ್ಟಿ ಅಂದರೆ, ಅದರಲ್ಲಿನ ಅತಿ ಸಡಿಲ ಗೆರೆಯಷ್ಟು. ನಡುವೆ ಒಂದು ನಾಲ್ಕಾಣೆ ಬಂತೋ, ಇಡೀ ದಾರಿಯೇ ನಾಲ್ಕಾಣೆ. ನಮಗೆ ಎಲ್ಲೂ ಸಡಿಲವಾಗದ ದಾರಿ ಬೇಕು.”

ಹದಿನೈದರಂದು ದಾನಪ್ಪನನ್ನು ಮತ್ತೆ ಹೊರಗೆ ತಂದರು.

“ನಿನಗ್ಯಾರ ಹೇಳಿದ್ರು?” ಕೇಳಿದವನು ಖಂಡಪ್ಪ.

“ನಿಮ್ಮ ಮನಿಯವರರಿ. ಮಲ್ಲಕ್ಕ.”

ಖಂಡಪ್ಪ ಅವನ ಹತ್ತಿರ ಸರಿದ. “ಮಕ್ಕಳನ್ನ ಹಿಡಿತಾಳಂತ ಅಂದ್ಲೊ, ಹಿಡಿತಾಳ ಅಂದ್ಲೊ?”

“ಹಿಡಿತಾಳ ಅಂದ್ರು. ‘ಅಂತ’ ಇದ್ದಿದ್ರ ನಾ ಕೈ ಎತ್ತತಿದ್ದಿಲ್ಲರಿ.”

ಮನೆಯಲ್ಲಿ ಮಲ್ಲಕ್ಕ ಒಲೆಯ ಮುಂದೆ ಕೂತಿದ್ದಳು.

“ನಮ್ಮ ಚಾಳಿನ ಗಂಗುಬಾಯಿ ಹೇಳಿದ್ಲರಿ. ಆಕೀನೂ ‘ಅಂತ’ ಅನ್ನಲಿಲ್ಲ. ಕಣ್ಣಾರೆ ಕಂಡೀನಿ ಅಂದ್ಲು.”

“ನೀ ಕಂಡಿದ್ಯೇನ?”

“ಇಲ್ಲ.”

“ಮತ್ತ ‘ಅಂತ’ ಎಲ್ಲಿ ಹೋತು? ನಾಲಿಗಿ ಮ್ಯಾಲೆ ಒಂದ ಮಾತ ಹೆಚ್ಚಿಗಿ ಭಾರ ಆಗ್ತಿತ್ತ?”

ಅವಳು ಸೆರಗು ಬಾಯಿಗೆ ತುರುಕಿಕೊಂಡಳು.

ಪೂವಪ್ಪ ಕಾಗದದ ಮೇಲೆ ಬೆರಳು ಆಡಿಸಿದರು. ದಾನಪ್ಪ, ಮಲ್ಲಕ್ಕ, ಗಂಗುಬಾಯಿ: ಹದಿನಾರಾಣೆಯ ದಾರಿ ಅದೊಂದೇ. ಮಲ್ಲಕ್ಕನ ಚುಕ್ಕೆ ಅಳಿಸಿದರೆ ಗಂಗುಬಾಯಿಯ ತನಕ ಹೋಗುವ ಉಳಿದ ದಾರಿಗಳೆಲ್ಲ ನಾಲ್ಕಾಣೆ. ಕೋರ್ಟು ಅದನ್ನು ಮೂಸಿಯೂ ನೋಡುವುದಿಲ್ಲ.

“ನಿಮ್ಮ ಹೆಂಡತಿ ಸಾಕ್ಷಿಕಟ್ಟೆ ಹತ್ತಬೇಕಾಗ್ತದೆ. ಚಾಳೆಲ್ಲ ಉಗಿಯುತ್ತದೆ. ಬೇಡ ಅಂದರೆ ಬಿಡುವ.”

“ಬಿಟ್ರ ಗಂಗುಬಾಯಿ ಮನಿಗೆ ಹೋಗ್ತಾಳ್ರಿ.”

“ಹೌದು.”

“ಆಕಿ ಹೇಳಿಕಿ ನಾನ ಬರಕೋತೀನ್ರಿ.”

“ಗಂಡ ಬರೆದದ್ದು ನಡೆಯುವುದಿಲ್ಲ.”

ಪೂವಪ್ಪನವರೇ ಬರೆದುಕೊಂಡರು. ಖಂಡಪ್ಪ ಗೋಡೆಗೆ ಮುಖಮಾಡಿ ನಿಂತ.

ಹದಿನಾರರಂದು ಮಧ್ಯಾಹ್ನ ಮೂರಕ್ಕೆ ಗಂಗುಬಾಯಿಯನ್ನು ಕರೆಸಿದರು. ಮೊದಲಿಗೆ ದಾದರ್ ಸ್ಟೇಶನ್ನಿನಲ್ಲಿ ಜನ ಆಡಿದ್ದನ್ನು ಕೇಳಿದೆ ಎಂದಳು.

“ಮಲ್ಲಕ್ಕನಿಗೆ ಕಣ್ಣಾರೆ ಕಂಡೆ ಅಂದಿದ್ದೀರಿ,” ಎಂದರು ಪೂವಪ್ಪ. “ನಾಗವ್ವ ಒಯ್ದದ್ದು ಯಾವ ಮಗುವನ್ನು?”

“ನಂದು.”

ಗಂಗುಬಾಯಿಯ ಕೂಸು ಹಿಂದಿನ ವರ್ಷ ಜ್ವರದಲ್ಲಿ ಸತ್ತದ್ದು ಖಂಡಪ್ಪನಿಗೆ ಗೊತ್ತಿತ್ತು. ಮಣ್ಣಿಗೆ ಅವನೂ ಹೋಗಿದ್ದ.

“ಬಡಿತಾರಂತ ಗೊತ್ತಿತ್ತೇನವಾ?” ಎಂದ.

“ಸಾಯೂತನಾ ಬಡೀಲಿ ಅಂತ ಬೇಡ್ಕೊಂಡಿದ್ದೆ.”

“ನನ್ನ ಹೇಣ್ತಿಗೇ ಯಾಕ ಹೇಳಿದಿ?”

ಅವಳಿಗೆ ನಗು ಬಂತು. “ಬ್ಯಾರೆದವ್ರು ಹೇಳಿದ್ರ ಸುದ್ದಿ ಆಗ್ತೈತ್ರಿ. ಹವಾಲ್ದಾರ್ರ ಹೇಣ್ತಿ ಹೇಳಿದ್ರ ಸರಕಾರ ಹೇಳಿದಂಗ. ಯಾರೂ ತಿರಗಿ ಕೇಳಂಗಿಲ್ಲ. ನಿಮ್ಮ ಟೊಪ್ಪಿಗಿ ಭಾಳ ಕೆಲಸ ಮಾಡ್ತು ನೋಡ್ರಿ.”

ನಾಲ್ಕೂ ಹತ್ತಕ್ಕೆ ಕೊಲೆಗೆ ಕುಮ್ಮಕ್ಕು ಕೊಟ್ಟ ಆರೋಪದ ಮೇಲೆ ಅವಳನ್ನು ಬಂಧಿಸಲಾಯಿತು.

ನಡೆದದ್ದು ಇಷ್ಟು. ಕೂಸಿನ ಬಟ್ಟೆಗಳನ್ನು ಗಂಗುಬಾಯಿಯ ಗಂಡ ಅವಳ ಕಣ್ಣಿಗೆ ಬೀಳದಿರಲೆಂದು ನಾಗವ್ವನ ಚೀಲಕ್ಕೆ ಹಾಕಿದ್ದ. ಯಾರವೆಂದು ಹೇಳಿರಲಿಲ್ಲ, ನಾಗವ್ವನೂ ಕೇಳಿರಲಿಲ್ಲ. ಫೆಬ್ರವರಿಯಲ್ಲಿ ಗಂಗುಬಾಯಿ ನೆರೆಮನೆಯ ಕಾಶವ್ವನ ತೊಟ್ಟಿಲು ನೋಡಲು ಹೋದಳು. ಅಲ್ಲಿ ನಾಗವ್ವ ಹೊಲಿದ ಕೌದಿಯ ನಡುವೆ, ಸತ್ತ ಕೂಸಿನ ತಲೆಗೆಂದು ಗಂಗುಬಾಯಿಯೇ ದಾರ ಹಾಕಿದ್ದ ಕೆಂಪು ಕುಂಚಿಗೆ ಮೂರು ತುಂಡಾಗಿ ಹೊಲಿಸಿಕೊಂಡಿತ್ತು. ಅದರ ಮೇಲೆ ಬೇರೆಯವರ ಕೂಸು ಮಲಗಿ ಬೆರಳು ಚೀಪುತ್ತಿತ್ತು.

ಆ ಕೌದಿಯನ್ನು ಜಪ್ತಿ ಮಾಡಲು ಐದು ಗಂಟೆಗೆ ಖಂಡಪ್ಪ ಪಂಚರೊಂದಿಗೆ ಹೋದ. ಕಾಶವ್ವ ತೊಟ್ಟಿಲ ಹಗ್ಗ ಹಿಡಿದು ನಿಂತು ಇಷ್ಟೇ ಅಂದಳು:

“ಸಾವಕಾಶ ಎಳೀರಿ ಕಾಕಾ, ಕೂಸು ಎದ್ದೀತು.”