ಇನ್ನೂ ನೀರೈತೆ, ಒಣಗ್ಲಿ…

"ಏಯ್ ಮನೆಹಾಳಿ! ಆ ಹೆಣ್ಮಗಳ ಹಾಲಿಗೆ ಏನು ಬೆರೆಸ್ದೆ, ಹೇಳು!"

ಕಡೂರಿನಿಂದ ಯಗಟಿಗೆ ಹೊರಟಿದ್ದ ಬಸ್ಸಿನಲ್ಲಿ ಎಲ್ಲರ ಕತ್ತೂ ಒಂದೇ ಸಲಕ್ಕೆ ತಿರುಗಿತು. ಚೌಳಹಿರಿಯೂರಿನ ಮಗಳ ಮನೆಯಿಂದ ಬರುತ್ತಿದ್ದ ಮುದುಕಿ ಬುಟ್ಟಿಯನ್ನು ಮಡಿಲಿಗೆ ಅವುಚಿಕೊಂಡು, ಪಕ್ಕದಲ್ಲಿ ಕೂತ ದೀಪಶ್ರೀಯನ್ನು ನುಂಗುವ ಹಾಗೆ ನೋಡುತ್ತಿದ್ದಳು.

"ಸಕ್ಕರೆ ಬಿಟ್ಟು ಬೇರೇನೂ ಹಾಕಿಲ್ಲ ಅಜ್ಜೀ… ಆಕೆ ದಿನಾ ಶೂಟಿಂಗಲ್ಲಿ ನನ್ನ ಡಬ್ಬೀಲೇ ಊಟ ಮಾಡ್ತಾಳೆ."

"ಬಾಯ್ಮುಚ್ಚು! ರಾತ್ರಿ ಟಿವೀಲಿ ಕಣ್ಣಾರೆ ನೋಡೀನಿ! ಕಂಡಕ್ಟ್ರಪ್ಪಾ, ನಂಗೆ ಬೇರೆ ಸೀಟು ಕೊಡು. ಈ ಕನಕಾಂಬೆ ಪಕ್ಕ ಕೂರಲ್ಲ ನಾನು!"

ಬಸ್ಸೆಲ್ಲಾ ನಕ್ಕಿತು. ದೀಪಶ್ರೀಯೂ ನಕ್ಕಳು. ಒಳಗೆ ಎದೆ ಉಬ್ಬಿತು. ಧಾರಾವಾಹಿಯ ನಾಯಕಿಗೆ ಜನ ಹೂವು ಕೊಡುತ್ತಾರೆ. ಮನೆ ಮುರಿಯುವ ಕನಕಾಂಬೆಯ ಪಾತ್ರಕ್ಕೆ ಬೈಗುಳವೇ ಹೂವು. ಇಷ್ಟು ಚೆನ್ನಾಗಿ ಬೈಸಿಕೊಂಡಳೆಂದರೆ, ಅಷ್ಟು ಚೆನ್ನಾಗಿ ಮಾಡಿದ್ದಾಳೆ ಎಂದೇ ಅರ್ಥ!

ಆಗ ಹಿಂದಿನ ಸೀಟಿನಿಂದ ದನಿಯೊಂದು ಬಂತು.

"ಬಿಡಜ್ಜಿ. ಅವರ ಕಸುಬೇ ಅದು. ಅನ್ನ ಇಟ್ಟ ಮನೇನೇ ಹಾಳ್ಮಾಡೋದು."

ದೀಪಶ್ರೀಯ ನಗು ಅಲ್ಲೇ ನಿಂತಿತು. ಹಿಂತಿರುಗಿ ನೋಡಬೇಕಾಗಿರಲಿಲ್ಲ. ಆ ದನಿ ಕೇಳಿ ಆರು ತಿಂಗಳಾಗಿತ್ತು…

ಓಂಕಾರೇಶ್!

* * *

ಯಗಟಿಯಲ್ಲಿ ಇಳಿದವನು ದಾಪುಗಾಲು ಹಾಕಿ ನಡೆದ. ಅವಳು ಓಡಿಹೋಗಿ ಅಡ್ಡ ನಿಂತಳು.

"ಫೋನ್ ಎತ್ತಲ್ಲ, ಮೆಸೇಜ್ ನೋಡಲ್ಲ… ನಾನೇನು ತಪ್ಪು ಮಾಡ್ದೆ ಅಂತಾನಾದ್ರೂ ಹೇಳು ಓಂಕಾರಿ!"

"ಗೊತ್ತಿಲ್ವಾ ನಿಂಗೆ?"

ಅವನು ರಸ್ತೆಯಲ್ಲಿ ಬಿದ್ದಿದ್ದ ಕಲ್ಲೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಕಣ್ಣು ಅರ್ಧ ಮುಚ್ಚಿದ.

"'ಇನ್ನೂ ನೀರೈತೆ… ಒಣಗ್ಲಿ.' ಇದು ಯಾರ ಮಾತು? ನಿನ್ನ ಕನಕಾಂಬೇದಾ? ನಮ್ಮವ್ವನ್ದು ಕಣೇ!"

ದೀಪಶ್ರೀ ಅವನ ಕೈಯಲ್ಲಿದ್ದ ಕಲ್ಲನ್ನೇ ನೋಡಿದಳು. ಹೌದು… ಅವನ ತಾಯಿ ತೀರ್ಥಮ್ಮನ ಮಾತೇ ಅದು.

ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಗಂಡ ತೀರಿಕೊಂಡ ಮೇಲೆ ತೀರ್ಥಮ್ಮ ಒಬ್ಬಳೇ ಕೊಬ್ಬರಿ ವ್ಯಾಪಾರ ನಡೆಸಿದವಳು. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ವರ್ಷವೇ ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಇಡೀ ಉಂಡೆಯಾಗಿ ಒಣಗಿದ ಗಿಟುಕಾಗಬೇಕು. ಆಗಿದೆಯೋ ಇಲ್ಲವೋ ಎಂದು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಮಾತ್ರ ಗೊತ್ತು: ನೀರು ಕುಲುಕಿದರೆ ಇನ್ನೂ ಇಲ್ಲ, ಗಿಟುಕು ಗಡಗಡ ಎಂದರೆ ಆಗಿದೆ. ಆ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಈರಭದ್ರಪ್ಪನ ಮಗಳು ದೀಪಶ್ರೀ. ತೆಂಗಿನ ಸಿಪ್ಪೆಯ ಗುಡ್ಡೆ ಮೇಲೆ ಕೂತು, ಆ ಹೆಂಗಸು ಕಾಯಿ ಕಿವಿಗಿಟ್ಟಾಗ ದೊಡ್ಡದೊಡ್ಡ ವ್ಯಾಪಾರಿಗಳು ಉಸಿರು ಹಿಡಿದು ನಿಲ್ಲುವುದನ್ನು ನೋಡುತ್ತಾ ಬೆಳೆದವಳು. ಅದೇ ಅಂಗಳದಲ್ಲಿ ಓಂಕಾರೇಶನ ಕೈಗೆ ಮೊದಲ ಸಲ ಕೈ ತಾಕಿದ್ದೂ, 'ನಮ್ಮ ಮದುವೆ ವಿಷ್ಯ ಅವ್ವನ ಹತ್ರ ನಾನೇ ಮಾತಾಡ್ತೀನಿ' ಎಂದು ಅವನು ಮಾತು ಕೊಟ್ಟದ್ದೂ…

ಧಾರಾವಾಹಿಯಲ್ಲಿ ಕನಕಾಂಬೆ ಒಬ್ಬರನ್ನು ಹಾಳು ಮಾಡುವ ಮೊದಲು ಕಾಯಿಯೊಂದನ್ನು ಕಿವಿಗಿಡುತ್ತಾಳೆ. 'ಇನ್ನೂ ನೀರೈತೆ, ಒಣಗ್ಲಿ' ಎಂದು ನಗುತ್ತಾಳೆ. ಆ ಮಾತು ಈಗ ಜಿಲ್ಲೆಯ ಮಕ್ಕಳ ಬಾಯಲ್ಲೂ ಇತ್ತು.

"ಬೀರೂರು ಸಂತೇಲಿ ನನ್ನ ಏನಂತಾರೆ ಗೊತ್ತಾ? ಕನಕಾಂಬೆ ಮಗ ಬಂದ ಅಂತಾರೆ! ಹೋಗ್ಲಿ, ನಾನು ತಡ್ಕೊತೀನಿ. ಅವ್ವ ಕಾಯಿ ಕಿವಿಗಿಡೋದನ್ನೇ ಬಿಟ್ಬಿಟ್ಟಳು ಕಣೇ… ಆಳುಗಳು ಏನು ಅಂತಾರೋ ಅದಕ್ಕೆ ಹೂಂ ಅಂತಾಳೆ. ನಮ್ಮವ್ವ!"

ಅವಳ ಕಣ್ಣು ತುಂಬಿತು. ಅವನ ದನಿ ತಗ್ಗಿತು.

"ಆ ಧಾರಾವಾಹಿ ಬಿಟ್ಟು ಬಾ. ಹಿಂದಿನ್ದು ಎಲ್ಲಾ ಮರೆತ್ಬಿಡ್ತೀನಿ."

ದೀಪಶ್ರೀ ಕಣ್ಣೊರೆಸಿಕೊಂಡಳು. ತಲೆ ಎತ್ತಿದಳು.

"ಇಲ್ಲ. ಬಿಡಲ್ಲ."

"ಏನಂದೆ?"

"ನನ್ನ ಕೆಲಸ ಓಂಕಾರಿ ಅದು. ಬೈಸ್ಕೊಂಡು, ಶಾಪ ಹಾಕಿಸ್ಕೊಂಡು ಸಂಪಾದಿಸಿದ ಹೆಸರು. ಅದನ್ನ ಬಿಟ್ರೆ ನಿನ್ನ ಮುಂದೆ ನಿಲ್ಲೋಳು ನಾನಾಗಿರಲ್ಲ. ಆದ್ರೆ ಅಮ್ನೋರ ಹತ್ರ ನಾನು ಹೋಗ್ಲೇಬೇಕು. ಈಗ್ಲೇ."

* * *

ಅಂಗಳದಲ್ಲಿ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ತರೀಕೆರೆ ವ್ಯಾಪಾರಿ ಮಂಜಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹಣೆತುಂಬ ವಿಭೂತಿ ಧರಿಸಿದ ತೀರ್ಥಮ್ಮ ಜಗಲಿಯ ಮೇಲಿದ್ದಳು. ಕೈ ಎರಡೂ ಮಡಿಲಲ್ಲಿ ಸುಮ್ಮನಿದ್ದವು. ದೀಪಶ್ರೀ ಆ ಕೈಗಳನ್ನೇ ನೋಡುತ್ತಾ ಅಂಗಳಕ್ಕೆ ಕಾಲಿಟ್ಟಳು.

"ಓಹೋಹೋ! ಅಸಲಿ ಕನಕಾಂಬೆ ಮುಂದೆ ನಕಲಿ ಕನಕಾಂಬೆ!" ಮಂಜಪ್ಪ ತೊಡೆ ತಟ್ಟಿದ. "ತೀರ್ಥಮ್ಮಾರೆ, ಒಂದ್ಸಲ ಆ ಡೈಲಾಗು ಹೊಡೀರಿ ಮತ್ತೆ!"

ಆಳುಗಳೆಲ್ಲ ನಕ್ಕರು. ಕಾಯಿ ಸುಲಿಯುತ್ತಿದ್ದ ಈರಭದ್ರಪ್ಪ ತಲೆ ತಗ್ಗಿಸಿದ. ದೀಪಶ್ರೀಯ ಹಿಂದೆಯೇ ಬಂದಿದ್ದ ಓಂಕಾರೇಶನ ಮುಷ್ಟಿ ಬಿಗಿಯಾಯಿತು.

ದೀಪಶ್ರೀ ಜಗಲಿಯ ಮುಂದೆ ನಿಂತಳು.

"ಅಮ್ನೋರೆ… ನಿಮ್ಮನ್ನ ಕೇಳ್ದೆ ನಿಮ್ಮ ಮಾತು ತಗೊಂಡೆ. ತಪ್ಪಾಯ್ತು."

"ಯಾಕೆ ತಗೊಂಡೆ?" ತೀರ್ಥಮ್ಮ ಸಣ್ಣಗೆ ಕೇಳಿದಳು.

"ಊರೆಲ್ಲಾ ಎದ್ದು ನಿಲ್ಲೋ ಅಂಥ ಹೆಂಗ್ಸು ಆಗು ಅಂದ್ರು ನಿರ್ದೇಶಕರು. ನಾನು ಅಂಥ ಹೆಂಗ್ಸನ್ನ ಬೇರೆಲ್ಲಿ ನೋಡೀನಿ? ಹುಟ್ದಾಗಿಂದ ಒಬ್ಬರನ್ನೇ ನೋಡಿದ್ದು…"

ತೀರ್ಥಮ್ಮ ಜಗಲಿಯಂಚಿಗೆ ಸರಿದು ಕೂತಳು.

"ನೀನು ಟಿವೀಲಿ ಅಲ್ಲಾಡ್ಸೋದು ಹಸಿಕಾಯಿ ಕಣೇ. ಅದರ ಸದ್ದು ಗಿಟುಕಿನ ಸದ್ದಲ್ಲ."

ಓಂಕಾರೇಶ್ ಬೆಚ್ಚಿದ. "ಅವ್ವಾ… ನೀನು ನೋಡ್ತೀಯಾ?"

"ದಿನಾ ನೋಡ್ತೀನಿ. ನಮ್ಮಂಗಳದಲ್ಲಿ ಬೆಳೆದ ಕೂಸು ನಾಡನ್ನೆಲ್ಲಾ ಹೆದರಿಸ್ತೈತೆ ಅಂದ್ರೆ, ನೋಡ್ದೆ ಇರ್ತೀನೇನೋ? ನೀನು ಸಂತೆಗೆ ಹೋದಾಗ ನೋಡ್ತೀನಿ. ನೀನಿದ್ರೆ ಟಿವಿ ಆರಿಸ್ತೀಯಲ್ಲ!"

"ಮತ್ತೆ ಕಾಯಿ ಕಿವಿಗಿಡೋದು ಯಾಕೆ ಬಿಟ್ಟೆ?"

"ಕಾಯಿ ಎತ್ತಿದ್ರೆ ಸಾಕು, ಎಲ್ಲಾ ಕಿಸಕ್ ಅಂತೀರ. ಆ ನಗೂಲಿ ಸದ್ದು ಹೆಂಗೋ ಕೇಳಿಸ್ಬೇಕು ನಂಗೆ?"

ಇಷ್ಟೇ! ಅವಮಾನದಿಂದ ಮುದುಡಿದ್ದಾಳೆ ಎಂದು ಮಗ ಆರು ತಿಂಗಳು ಒಳಗೇ ಕುದ್ದಿದ್ದ. ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ.

ತೀರ್ಥಮ್ಮ ದೀಪಶ್ರೀಯ ಕಡೆ ತಿರುಗಿದಳು. "ಒಂದೇ ಒಂದು ನೋವು ನಂಗೆ. ಅದು ಕಾಯೋ ಮಾತು, ಕೊಲ್ಲೋ ಮಾತಲ್ಲ. ನೀರಿದ್ದಾಗ ಒಡೆದ್ರೆ ಕಾಯೂ ಹೋಯ್ತು, ಕೊಬ್ಬರೀನೂ ಹೋಯ್ತು. ಅದಕ್ಕೇ ಇನ್ನಷ್ಟು ದಿನ ಇರ್ಲಿ ಪಾಪ ಅಂತ ಬಿಡೋದು. ಕನಕಾಂಬೆಗೆ ಅದು ಗೊತ್ತಿಲ್ಲ. ನಿಂಗಾದ್ರೂ ಗೊತ್ತಿರ್ಬೇಕು."

ದೀಪಶ್ರೀ ಕಣ್ಣೀರು ತಡೆದುಕೊಂಡಳು. ರಾಶಿಯಿಂದ ಒಂದು ಕಾಯಿ ಆರಿಸಿ ತೀರ್ಥಮ್ಮನ ಕೈಗೆ ಇಟ್ಟಳು.

"ಹೇಳಿ ಅಮ್ನೋರೆ, ಆಗೈತಾ?"

ಮಂಜಪ್ಪ ಮತ್ತೆ ಕಿಸಕ್ ಎಂದ.

ದೀಪಶ್ರೀ ನಿಧಾನವಾಗಿ ತಿರುಗಿದಳು. ಸೆರಗು ಬಿಗಿದಳು. ಒಂದು ಹುಬ್ಬು ಮೇಲೇರಿತು. ಅಂಗಳದಲ್ಲಿ ನಿಂತವಳು ಈಗ ಈರಭದ್ರಪ್ಪನ ಮಗಳಲ್ಲ… ಸಾಕ್ಷಾತ್ ಕನಕಾಂಬೆ!

"ಮಂಜಪ್ಪಾ… ಕಾಲು ಕೆಳಗೆ."

ಜೋರು ದನಿಯೇನಲ್ಲ. ಆದರೂ ಮಂಜಪ್ಪನ ಕಾಲು ತಾನೇ ಇಳಿಯಿತು. ಆಳುಗಳ ನಗು ಗಂಟಲಲ್ಲೇ ಸತ್ತಿತು. ಅಟ್ಟದ ಮೇಲಿದ್ದವನು ಎತ್ತಿದ ಕಾಯಿಯನ್ನು ಎತ್ತಿದಂತೆಯೇ ಹಿಡಿದು ನಿಂತ. ಬೇಲಿಯಾಚೆ ಕುರಿಯೊಂದು ಮೇಯುವ ಸದ್ದೂ ಕೇಳಿಸಿತು.

ಆ ನಿಶ್ಶಬ್ದದಲ್ಲಿ ತೀರ್ಥಮ್ಮ ಕಾಯಿಯನ್ನು ಕಿವಿಗಿಟ್ಟಳು. ಕಣ್ಣು ಅರ್ಧ ಮುಚ್ಚಿದಳು. ಅಲ್ಲಾಡಿಸಿದಳು.

ಗಡ… ಗಡ…

"ಆಗೈತೆ," ಎಂದಳು. ಮುಖ ಅರಳಿತು.

ಈರಭದ್ರಪ್ಪ ಅದನ್ನು ಸುಲಿದು, ಚಿಪ್ಪು ಒಡೆದು, ಮುಕ್ಕಾಗದ ಇಡೀ ಗಿಟುಕನ್ನು ಅವಳ ಕೈಗೆ ಕೊಟ್ಟ. ತೀರ್ಥಮ್ಮ ಒಳಗೆ ಹೋಗಿ ಅಕ್ಕಿ, ಬೆಲ್ಲ, ಎಲೆ ಅಡಿಕೆ ತಂದಳು.

"ಸೆರಗು ಒಡ್ಡು."

"ಅಮ್ನೋರೆ…"

"ಅಮ್ನೋರೆ ಅನ್ಬ್ಯಾಡ. ಅತ್ತೆ ಅನ್ನು. ಇವನು ಮಾತಾಡ್ತಾನೆ, ಮಾತಾಡ್ತಾನೆ ಅಂತ ಕಾದು ನಾನೇ ಒಣಗಿ ಹೋದೆ!"

ಅಂಗಳವೆಲ್ಲ ಗೊಳ್ಳೆಂದಿತು. ಈ ಸಲ ತೀರ್ಥಮ್ಮನೂ ನಕ್ಕಳು. ಎಲ್ಲರೆದುರು ದೀಪಶ್ರೀಯ ಮಡಿಲು ತುಂಬಿತು.

* * *

ಸಂಜೆ, ಸಿಪ್ಪೆಯ ಗುಡ್ಡೆಯ ಪಕ್ಕ ಓಂಕಾರೇಶ್ ತಲೆ ತಗ್ಗಿಸಿ ನಿಂತಿದ್ದ.

"ದೀಪು… ಧಾರಾವಾಹಿ ಬಿಡ್ಬೇಡ."

"ಕನಕಾಂಬೆ ಗಂಡ ಅಂತಾರೆ ಸಂತೇಲಿ. ತಡ್ಕೊತೀಯಾ?"

"ಎದೆ ಉಬ್ಬಿಸ್ಕೊಂಡು ಹೋಗ್ತೀನಿ. ಅವ್ವನ್ನ ಒಂದು ಮಾತು ಕೇಳ್ಬೇಕಿತ್ತು ನಾನು. ನಿನ್ನನ್ನೂ… ನೀನಿಲ್ದೆ ಇರಕ್ಕಾಗಲ್ಲ ಕಣೇ ನಂಗೆ. ಕ್ಷಮಿಸ್ತೀಯಾ?"

ಅವಳು ಉತ್ತರ ಕೊಡಲಿಲ್ಲ. ಹತ್ತಿರ ಬಂದು, ಅವನ ಎದೆಗೆ ಕಿವಿಯಿಟ್ಟಳು. ಕಣ್ಣು ಅರ್ಧ ಮುಚ್ಚಿದಳು.

"ಏನು ಕೇಳಿಸ್ತೈತೆ?" ಅವನು ಉಸಿರು ಬಿಗಿಹಿಡಿದು ಕೇಳಿದ.

"ಶ್… ಸುಮ್ನಿರು. ಸದ್ದು ಮಾಡಿದ್ರೆ ಹೆಂಗೆ ಗೊತ್ತಾಗ್ಬೇಕು?"

ಅವನು ಸುಮ್ಮನಾದ. ಅವಳು ಬಹಳ ಹೊತ್ತು ಕೇಳಿದಳು.

"ಹೂಂ," ಎಂದಳು ಕೊನೆಗೆ. "ಆಗೈತೆ."