ಒದ್ದೆ ತೋಳಿನವಳು

ಹಗಿವರ ತೆಪ್ಪೇಯಿ ಹೆತ್ತ ತಾಯಿಯನ್ನು ಎರಡು ಸಲ ಕಳೆದುಕೊಂಡ. ಮೊದಲ ಸಲ ಹುಟ್ಟೂರು ಚೋಶಿಯ ಆಸ್ಪತ್ರೆಯಲ್ಲಿ, ಇಪ್ಪತ್ತೆರಡು ವರ್ಷಗಳ ಕೆಳಗೆ. ಎರಡನೆಯ ಸಲ ಟೋಕಿಯೋದ ಕಾಂಡಾದ ಆಫೀಸಿನಲ್ಲಿ, ಅಕ್ಟೋಬರಿನ ಒಂದು ಮಧ್ಯಾಹ್ನ, ಟೀವಿಯ ಮುಂದೆ ನಿಂತು ಅನ್ನದುಂಡೆ ತಿನ್ನುತ್ತಿದ್ದಾಗ.

ಟೀವಿಯಲ್ಲಿ ಕುಬೋಡೆರಾ ಗಾಕು ಕೂತಿದ್ದರು. 'ಓನಿಬುಮಿ' ಎಂಬ ವಿಡಿಯೋ ಆಟಕ್ಕೆ ಮೂವತ್ತು ವರ್ಷ ತುಂಬಿತ್ತು. ಅದರ ಏಳು ಭಾಗಗಳ ಇನ್ನೂರ ಹನ್ನೆರಡು ದೆವ್ವಗಳಿಗೆ ರೂಪ ಕೊಟ್ಟ ಮಹಾಶಯರೆಂದು ಅವರನ್ನು ಕರೆಸಿದ್ದರು. ನಿರೂಪಕಿ ಎಲ್ಲರೂ ಕೇಳುವುದನ್ನೇ ಕೇಳಿದಳು: ಜನ ಅಷ್ಟೊಂದು ಪ್ರೀತಿಸುವ ಆ 'ಒದ್ದೆ ತೋಳಿನವಳು' ಎಲ್ಲಿಂದ ಬಂದಳು?

"ನಮ್ಮಮ್ಮ ಕಣಮ್ಮಾ ಅವ್ಳು," ಎಂದರು ಕುಬೋಡೆರಾ. "ಬಟ್ಟೆ ಒಗೆದೂ ಒಗೆದೂ ತೋಳು ಯಾವಾಗ್ಲೂ ಒದ್ದೆ. ಒಂದಿನ ಕನಸಲ್ಲಿ ಬಂದ್ಲು. ಎದ್ದು ಬರೆದ್ಬಿಟ್ಟೆ." ಹಾಗೆಂದು ಕಣ್ಣನ್ನೂ ಒರೆಸಿಕೊಂಡರು.

ಕುಬೋಡೆರಾ ಅವರ ತಾಯಿ ರೇಷ್ಮೆ ವ್ಯಾಪಾರಿಯ ಹೆಂಡತಿ. ಆ ಮನೆಯಲ್ಲಿ ಬಟ್ಟೆ ಒಗೆಯಲು ಇಬ್ಬರು ಆಳುಗಳಿದ್ದರು. ತೋಳು ಒದ್ದೆಯಾಗುತ್ತಿದ್ದದ್ದು ಹಗಿವರನ ತಾಯಿಯದು. ಮೂವತ್ತು ವರ್ಷ ಬಂದರಿನ ಶೆಡ್ಡಿನಲ್ಲಿ ಕೂತು ಭೂತಾಯಿ ಮೀನಿನ ಹೊಟ್ಟೆ ಸೀಳಿದವಳು ಅವಳು. ಮಗನಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದಳು, ಆಗ ಆ ತಣ್ಣನೆಯ ತೋಳು ಅವನ ಕೆನ್ನೆಗೆ ತಾಗುತ್ತಿತ್ತು. ಆ ತಂಪನ್ನು ಕಾಗದದ ಮೇಲೆ ತರಲು ಹಗಿವರ ಎಂಟು ತಿಂಗಳು ಹೆಣಗಿದ್ದ. ಆಟದ ಕೊನೆಗೆ ಸರಿಯುವ ಪಟ್ಟಿಯಲ್ಲಿ ಮಾತ್ರ ಅವನ ಹೆಸರು 'ಸಹಾಯ' ಎಂಬ ಮಾತಿನ ಕೆಳಗೆ, ಊಟ ತರಿಸಿಕೊಟ್ಟವರ ಸ್ವಲ್ಪ ಮೇಲೆ ಇತ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುವುದು ಲೋಕಾರೂಢಿ, ಅದನ್ನವನು ಸಹಿಸಿದ್ದ. ಆದರೆ ಹಾವು ಈಗ ಗೆದ್ದಲಿನ ಅಮ್ಮನನ್ನೂ ತನ್ನ ಅಮ್ಮ ಎಂದಿತ್ತು.

ಕೇಳಿ ನೋಡಲಿಲ್ಲ ಎಂದಲ್ಲ. ನವೆಂಬರಿನಲ್ಲಿ ನೆಜು ಬಡಾವಣೆಯ ಕುಬೋಡೆರಾ ಅವರ ಮನೆಗೆ ಹೋಗಿ, ಮಂಡಿಯೂರಿ ಕೂತು, ಆ ಒಂದು ದೆವ್ವಕ್ಕೆ ಮಾತ್ರ ತನ್ನ ಹೆಸರು ಹಾಕಿಸಿ ಎಂದು ಬೇಡಿಕೊಂಡ. ಮೂವತ್ತನೇ ವರ್ಷದ ಚಿತ್ರಸಂಪುಟ ಅಚ್ಚಿಗೆ ಹೋಗುವುದರಲ್ಲಿತ್ತು.

ಮುದುಕರು ನಕ್ಕರು. "ದೆವ್ವಕ್ಕೆ ಎಂಥ ಅಪ್ಪ, ಎಂಥ ಅಮ್ಮನಯ್ಯಾ? ನಮ್ಮ ಆಟ ಏನ್ ಹೇಳತ್ತೆ? ತಲೆ ಬಾಗ್ಸಿದ ದೆವ್ವ, ಬಾಗಿಸ್ಕೊಂಡೋನ ಸ್ವತ್ತು. ನೀನು ಬಾಗಿಸ್ದೆ, ನಾನು ಇಟ್ಕೊಂಡೆ. ಟೀ ಹಾಕು."

ಓನಿಬುಮಿಯ ನಿಯಮ ನಿಜಕ್ಕೂ ಹಾಗೇ ಇದೆ. ಅದರಲ್ಲಿ ದೆವ್ವಗಳನ್ನು ಕಡಿದು ಹಾಕುವುದಕ್ಕಿಂತ ಮಾತಾಡಿಸುವುದೇ ಹೆಚ್ಚು. ಹೊಗಳಬೇಕು, ಹೆದರಿಸಬೇಕು, ಕೇಳಿದ್ದು ಕೊಡಬೇಕು. ಒಲಿದರೆ ದೆವ್ವ ತಲೆ ಬಾಗಿಸುತ್ತದೆ, ಅದರ ಹೆಸರು ನಿಮ್ಮ ಸುರುಳಿಗೆ ಸೇರುತ್ತದೆ. ಒಮ್ಮೆ ಬಾಗಿದ್ದು ಮತ್ತೆ ನೆಟ್ಟಗೆ ನಿಲ್ಲುವುದಿಲ್ಲ. ನಿಯಮ ಬರೆದವರು ಕುಬೋಡೆರಾ. ಹಗಿವರ ಟೀ ಹಾಕಿ ಕೊಟ್ಟ.

ಟೀ ಬಗ್ಗಿಸುವಾಗಲೇ ಅವನು ತೀರ್ಮಾನಿಸಿದ್ದು. ಕೋಪ ಬರಲಿಲ್ಲ, ಲೆಕ್ಕ ಬಿಡಿಸಿದ ಮೇಲೆ ಬರುವಂಥ ಸಮಾಧಾನ ಬಂತು.

ಹತ್ತೊಂಬತ್ತು ವರ್ಷದಲ್ಲಿ ಅವನು ನುಂಗಿದ ಅವಮಾನಗಳ ಪಟ್ಟಿ ಉದ್ದವಿತ್ತು. ಟೀ ಅದರಲ್ಲೊಂದು. ಬಾಗಿಲು ತೆಗೆಯುವುದು, ಚಪ್ಪಲಿ ತಿರುಗಿಸಿಡುವುದು, ಅವರು ಒಂದು ಗೆರೆ ತಿದ್ದಿದರೆ "ಈಗ ಜೀವ ಬಂತು ಮೇಷ್ಟ್ರೇ" ಎನ್ನುವುದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನ ಒಪ್ಪಿಗೆ ಹಾಳೆಯನ್ನು ಅವರು ಎಲ್ಲರ ಮುಂದೆ ಮುಖಕ್ಕೆ ಎಸೆದಿದ್ದರು. ಪ್ರತಿ ದೆವ್ವಕ್ಕೂ ಒಂದು ಹಾಳೆ. ಅದರ ತುದಿಯಲ್ಲಿ ಸಾಲಾಗಿ ನಾಲ್ಕು ಚೌಕ. ಎಡತುದಿಯದು ಕುಬೋಡೆರಾ ಅವರದು, ಬಲತುದಿಯದು ಬರೆದವನದು. ಹಗಿವರ ಸಹಿಯ ಬದಲಿಗೆ ಒತ್ತುವ ತನ್ನ ಹೆಸರಿನ ಮುದ್ರೆಯನ್ನು ನೆಟ್ಟಗೆ ಒತ್ತಿದ್ದ.

"ನಿನ್ನ ಮುದ್ರೆಗೆ ಸೊಂಟ ಇಲ್ವೇನಯ್ಯಾ?" ಎಂದು ಗುಡುಗಿದ್ದರು.

ಕಡತ ನೋಡಿಕೊಳ್ಳುವ ಹಿರಿಯಾಕೆ ಮಿನೆಗಿಶಿಯವರು ಅವನನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟರು: "ಸ್ವಲ್ಪ ಎಡಕ್ಕೆ ವಾಲಿಸಿ ಒತ್ತಪ್ಪಾ. ದೊಡ್ಡೋರ ಮುದ್ರೆಗೆ ನಮ್ಮ ಮುದ್ರೆ ನಮಸ್ಕಾರ ಮಾಡ್ದಂಗೆ ಕಾಣ್ಬೇಕು. ಹುಚ್ಚುತನ ಅಂತ ನಂಗೂ ಗೊತ್ತು. ಒತ್ತು." ಅವನು ಒತ್ತಿದ. ಎಷ್ಟೋ ಆಫೀಸುಗಳು ಮುದ್ರೆಯನ್ನೇ ಬಿಟ್ಟವು, ಕುಬೋಡೆರಾ ಬಿಡಲಿಲ್ಲ. ಆ ಅವಮಾನವೂ ಉಳಿದವುಗಳ ಜೊತೆ ಹೊಟ್ಟೆ ಸೇರಿ ತಣ್ಣಗಾಯಿತು.

ಉಪಾಯ ಸರಳವಾಗಿತ್ತು. ಪ್ರತಿ ಹೊಸವರ್ಷಕ್ಕೂ ಟೋಕಿಯೋದಲ್ಲಿ ಒಂದಷ್ಟು ಮುದುಕರು ಸಾರಿನಲ್ಲಿ ಬೆಂದ ಮೋಚಿ ಎಂಬ ಅಂಟಕ್ಕಿ ಕಡುಬು ಗಂಟಲಿಗೆ ಸಿಕ್ಕಿ ಸಾಯುತ್ತಾರೆ. ಪೇಪರಿನಲ್ಲಿ ಸಂಖ್ಯೆ ಬರುತ್ತದೆ, ಜನ ಲೊಚಗುಟ್ಟಿ ತಾವೂ ಒಂದು ಬಟ್ಟಲು ತಿನ್ನುತ್ತಾರೆ. ಹಿಂದಿನ ವರ್ಷ ಲಕ್ವ ಹೊಡೆದ ಮೇಲೆ ಕುಬೋಡೆರಾ ಅವರಿಗೆ ನುಂಗುವುದು ಕಷ್ಟವಾಗಿತ್ತು, ವೈದ್ಯರು ಮೋಚಿಯನ್ನು ಕಣ್ಣಿಂದಲೂ ನೋಡಬೇಡಿ ಎಂದಿದ್ದರು. ಆರೈಕೆಯ ಹೆಂಗಸಿಗೆ ಡಿಸೆಂಬರ್ ಮೂವತ್ತೊಂದರಿಂದ ರಜೆ. ನಾಲ್ಕರ ಬೆಳಿಗ್ಗೆ ಬರುವವಳು. ಮುದುಕರಿಗೆ ಮಕ್ಕಳಿರಲಿಲ್ಲ. ಬಾಯಿಚಪಲ ಮಾತ್ರ ಇತ್ತು.

ಡಿಸೆಂಬರ್ ಇಪ್ಪತ್ತೆಂಟು ವರ್ಷದ ಕೊನೆಯ ಕೆಲಸದ ದಿನ. ಅಂದು ಮಧ್ಯಾಹ್ನ ಹಗಿವರ ಐದು ಹಾಳೆ ಹಿಡಿದು ನೆಜುವಿಗೆ ಹೋದ. ಕುಬೋಡೆರಾ ಕುತ್ತಿಗೆಯ ದಾರಕ್ಕೆ ಕಟ್ಟಿದ ಚೀಲದಿಂದ ಮುದ್ರೆ ತೆಗೆದರು. ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಸ್ನಾನಕ್ಕೂ ಕಳಚುತ್ತಿರಲಿಲ್ಲ. "ಇದು ಇಳಿಯೋದು ನನ್ನ ಹೆಣದ ಮೇಲಿಂದ್ಲೇ," ಎಂಬುದು ಆಫೀಸಿಗೆಲ್ಲ ಗೊತ್ತಿದ್ದ ಅವರ ಹಳೇ ಚಟಾಕಿ. ಬಲಗೈ ನಡುಗುತ್ತಿತ್ತು, ಎಡಗೈಯಿಂದ ಮಣಿಕಟ್ಟು ಹಿಡಿದು, ಉಸಿರು ಬಿಗಿಹಿಡಿದು, ಐದೂ ಒತ್ತಿದರು.

"ಹೊಸವರ್ಷಕ್ಕೂ ನಂಗೆ ಗಂಜಿಯೇ ಕಣಯ್ಯಾ," ಎಂದು ಗೊಣಗಿದರು.

"ಮೂರನೇ ತಾರೀಕು ಬರ್ತೀನಿ ಮೇಷ್ಟ್ರೇ," ಎಂದ ಹಗಿವರ. "ಏನಾದ್ರೂ ತರ್ತೀನಿ. ಯಾರಿಗೂ ಹೇಳ್ಬೇಡಿ, ಬೈತಾರೆ."

ಹಗಿವರನ ಕೈಚೀಲದಲ್ಲಿ ಆರನೆಯ ಹಾಳೆಯೊಂದಿತ್ತು. ಅದನ್ನವನು ಹೊರಗೆ ತೆಗೆಯಲಿಲ್ಲ. 'ಒದ್ದೆ ತೋಳಿನವಳು: ರೂಪ ಕೊಟ್ಟವರು ಹಗಿವರ ತೆಪ್ಪೇಯಿ' ಎಂಬ ತಿದ್ದುಪಡಿ, ಅದೇ ತಾರೀಕು, ಬಲತುದಿಯಲ್ಲಿ ಅವನ ಮುದ್ರೆ. ತಾನು ಬರೆದ ನೂರ ನಲವತ್ತೊಂದು ದೆವ್ವಗಳನ್ನೂ ಕೇಳಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರು. ಅವನು ಕೇಳಿದ್ದು ಒಂದನ್ನೇ. ಒಂದು ದೆವ್ವಕ್ಕಾಗಿ ಯಾರು ಕೊಲೆ ಮಾಡುತ್ತಾರೆ?

ಎಲ್ಲರಿಗೂ ಚೋಶಿಗೆ ಹೋಗುತ್ತೇನೆಂದು ಹೇಳಿದ್ದ, ಹೋಗಿಯೂ ಬಂದ. ಅಮ್ಮನ ಸಮಾಧಿಗೆ ನೀರು ಹಾಕಿದ. ಮೂರರಂದು ಹಿಂದಿರುಗುವ ದಾರಿಯಲ್ಲಿ ಮಾಸ್ಕು ಹಾಕಿಕೊಂಡು ನೆಜುವಿನಲ್ಲಿ ಇಳಿದ. ಅರ್ಧ ಊರು ಮಾಸ್ಕಿನಲ್ಲಿತ್ತು.

ಟೀವಿಯಲ್ಲಿ ಹುಡುಗರ ಓಟದ ಪಂದ್ಯ ನಡೆಯುತ್ತಿತ್ತು. ಹಗಿವರ ಸಾರು ಕಾಯಿಸಿ, ಮೋಚಿಯನ್ನು ಇಡಿಯಾಗಿ ಹಾಕಿದ. ಮುದುಕರ ಮುಖ ಮಗುವಿನದಾಯಿತು.

"ನೀನೊಬ್ನೇ ಕಣೋ ನನ್ನ ಮನಸ್ಸು ಅರಿತೋನು," ಎಂದರು. ಆ ಮಾತು ಅವನನ್ನು ಒಂದು ಗಳಿಗೆ ಅಲ್ಲಾಡಿಸಿತು. ಹತ್ತೊಂಬತ್ತು ವರ್ಷ ಅವನು ಕಾದಿದ್ದ ಮಾತು ಅದೇ, ಬಂದದ್ದು ಮೋಚಿಗೆ. ಬಟ್ಟಲು ಹಿಂದಕ್ಕೆ ತೆಗೆದುಕೊಳ್ಳಲು ಇನ್ನೂ ಹೊತ್ತಿತ್ತು. ಅವನು ತೆಗೆದುಕೊಳ್ಳಲಿಲ್ಲ.

ಮೂರನೆಯ ತುತ್ತಿಗೆ ಆಯಿತು. ಕುಬೋಡೆರಾ ಗಂಟಲು ಹಿಡಿದುಕೊಂಡು ಇನ್ನೊಂದು ಕೈಯಿಂದ ಚಾಪೆಯನ್ನು ಬಡಿದರು. ಫೋನಿನ ಕಡೆ ಕೈ ಚಾಚಿದರು, ಹಗಿವರ ಫೋನನ್ನು ಒಂದು ಮೊಳ ಆಚೆ ಸರಿಸಿದ. ಅವರ ಕಣ್ಣು ಅವನ ಮೇಲೇ ಇತ್ತು, ಬೇಡುತ್ತಿತ್ತು. ಅದನ್ನು ನೋಡಲಾಗದೆ ಅವನು ಮಂಡಿಯೂರಿ, ತೊಡೆಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ಕೂತ. ಅವರ ಮುಂದೆ ಯಾವಾಗಲೂ ಕೂರುತ್ತಿದ್ದದ್ದೇ ಹಾಗೆ. ಸದ್ದು ನಿಂತ ಮೇಲೂ ಬಹಳ ಹೊತ್ತು ಹಾಗೇ ಇದ್ದ.

ಆಮೇಲೆ ಕೈಗವಸು ಹಾಕಿಕೊಂಡ. ಅವರ ಕುತ್ತಿಗೆಯ ಚೀಲದಿಂದ ಮುದ್ರೆ ತೆಗೆದ. ದುಬಾರಿ ಮುದ್ರೆ, ತಲೆ ಯಾವುದು, ಬುಡ ಯಾವುದು ಎಂಬ ಗುರುತು ಹೊರಗಿರಲಿಲ್ಲ, ಅಕ್ಷರ ನೋಡಿ ಹಿಡಿಯಬೇಕು. ನೋಡಿ ಹಿಡಿದ. ಅವರದೇ ಕೆಂಪು ಮಸಿ, ಅವರದೇ ಮೇಜು. ಕುಬೋಡೆರಾ ಮುದ್ರೆಯ ಕೆಳಗಿನ ಅಂಚು ಸದಾ ಮಸುಕಾಗಿ ಮೂಡುತ್ತದೆಂಬುದು ಅವನಿಗೆ ಗೊತ್ತಿತ್ತು, ಅದಕ್ಕೆಂದೇ ಮನೆಯಲ್ಲಿ ಆಲೂಗಡ್ಡೆ ಕೆತ್ತಿ ಎರಡು ವಾರ ಅಭ್ಯಾಸ ಮಾಡಿದ್ದ. ಎಡತುದಿಯ ಚೌಕದಲ್ಲಿ ಒತ್ತಿದ. ಎತ್ತಿ ನೋಡಿದ. ಅಂಚು ಬೇಕಾದಷ್ಟೇ ಮಸುಕು, ಬಣ್ಣ ಅದೇ, ಚೌಕದ ನಟ್ಟನಡುವೆ ಇತ್ತು. ಅವನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಮುದ್ರೆಯನ್ನು ಒರೆಸಿ, ಹೆಣದ ಕುತ್ತಿಗೆಯ ಚೀಲಕ್ಕೆ ಮರಳಿಸಿ, ತಾನು ಕುಡಿದ ಲೋಟ ತೊಳೆದಿಟ್ಟು ಹೊರಟ.

ನಾಲ್ಕರಂದು ಆರೈಕೆಯ ಹೆಂಗಸು ಕಿರುಚಿದಳು. ಚಪಲ ತಡೆಯಲಾರದೆ ಮುದುಕರು ತಾವೇ ತರಿಸಿ ತಿಂದರೆಂದು ಎಲ್ಲರೂ ನಂಬಿದರು. ಐದರಂದು ಆಫೀಸು ತೆರೆಯಿತು; ಹಗಿವರ ಆರು ಹಾಳೆಗಳನ್ನು ಮಿನೆಗಿಶಿಯವರ ತಟ್ಟೆಯಲ್ಲಿಟ್ಟು, ಎಲ್ಲರೊಡನೆ ಅತ್ತ. ಅಳು ನಿಜವಾಗಿಯೇ ಬಂತು, ಅವನಿಗೇ ಆಶ್ಚರ್ಯವಾಯಿತು. ಜನವರಿ ಇಪ್ಪತ್ತಕ್ಕೆ ಚಿತ್ರಸಂಪುಟದ ಕರಡು ಬಂತು. ನೂರ ಏಳನೆಯ ಪುಟದಲ್ಲಿ ಅಮ್ಮ ನಿಂತಿದ್ದಳು, ಪಾದದ ಬಳಿ ಅವನ ಹೆಸರು. ಅವನು ಆ ಪುಟದ ಮೇಲೆ ಕೆನ್ನೆಯಿಟ್ಟ.

ಮರುದಿನ ಮಿನೆಗಿಶಿಯವರು ಅವನನ್ನು ಚಿಕ್ಕ ಸಭಾಕೊಠಡಿಗೆ ಕರೆದರು. ಅಲ್ಲಿ ಒಕಿತ್ಸು ಎಂಬ ಪೊಲೀಸ್ ಅಧಿಕಾರಿ ಕೂತಿದ್ದ. ಮೇಜಿನ ಮೇಲೆ ಆ ಆರು ಹಾಳೆ. ಇಂಥ ಪ್ರಶ್ನೆಗಳಿಗೆ ಹಗಿವರ ತಿಂಗಳ ಹಿಂದೆಯೇ ಸಿದ್ಧನಾಗಿದ್ದ.

"ಈ ಆರಕ್ಕೂ ಮೇಷ್ಟ್ರೇ ಕೈಯಾರೆ ಒತ್ತಿದ್ರಾ?" ಎಂದರು ಮಿನೆಗಿಶಿ.

"ಹೌದು, ಇಪ್ಪತ್ತೆಂಟಕ್ಕೆ. ನನ್ನ ಕಣ್ಮುಂದೇನೆ."

"ಕೈ ನಡುಗ್ತಿತ್ತಂತಲ್ಲ, ನೀವೇನಾದ್ರೂ ಮುದ್ರೆ ಹಿಡಿದು ಸಹಾಯ ಮಾಡಿದ್ರಾ?" ಎಂದ ಒಕಿತ್ಸು.

ಹಗಿವರ ನಸುನಕ್ಕ. "ಎಲ್ಲಾದ್ರೂ ಉಂಟಾ ಸಾರ್? ಅದನ್ನ ಯಾರೂ ಮುಟ್ಟೋ ಹಾಗಿರ್ಲಿಲ್ಲ. ಬದುಕಿರೋವರೆಗೂ ಅದು ಅವರ ಕೈ ಬಿಟ್ಟು ಇನ್ನೊಬ್ರ ಕೈಗೆ ಹೋಗ್ಲಿಲ್ಲ. ಆಫೀಸಲ್ಲಿ ಯಾರನ್ನ ಬೇಕಾದ್ರೂ ಕೇಳಿ."

"ಕೇಳಿದ್ದಾಯ್ತು," ಎಂದ ಒಕಿತ್ಸು, ಅದನ್ನು ಬರೆದುಕೊಂಡ.

ಮಿನೆಗಿಶಿಯವರು ಐದು ಹಾಳೆಗಳನ್ನು ಒಂದರ ಕೆಳಗೊಂದು ಜೋಡಿಸಿದರು. ನಡುಗುವ ಕೈಯಿಂದಲೂ ಕುಬೋಡೆರಾ ಐದನ್ನೂ ಕಂಬದಷ್ಟು ನೆಟ್ಟಗೆ ಒತ್ತಿದ್ದರು. ಅವರಿಗಿಂತ ಮೇಲೆ ಯಾವ ಚೌಕವೂ ಇರಲಿಲ್ಲ, ಬಾಗಲು ಅವರಿಗೆ ಯಾರೂ ಇರಲಿಲ್ಲ. ಆಮೇಲೆ ಆರನೆಯದನ್ನು ಇಟ್ಟರು. ಬಲತುದಿಯಲ್ಲಿ ಹಗಿವರನ ಮುದ್ರೆ ಹತ್ತೊಂಬತ್ತು ವರ್ಷದಿಂದ ವಾಲುತ್ತಿದ್ದಷ್ಟೇ ಎಡಕ್ಕೆ ವಾಲಿತ್ತು. ಎಡತುದಿಯಲ್ಲಿ ಕುಬೋಡೆರಾ ಮುದ್ರೆಯೂ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ, ಎಡಕ್ಕೆ ತಲೆ ಬಾಗಿಸಿ ಹಾಳೆಯ ಖಾಲಿ ಅಂಚಿಗೆ ನಮಸ್ಕಾರ ಮಾಡುತ್ತಿತ್ತು. ಹಗಿವರ ನೋಡಿದ, ನೋಡುತ್ತಲೇ ಇದ್ದ. ಈಗಲೂ ಅವನ ಕಣ್ಣಿಗೆ ಅದು ನೆಟ್ಟಗೇ ಕಾಣುತ್ತಿತ್ತು. "ಒತ್ತೋದು ಹೇಳ್ಕೊಟ್ಟೋಳು ನಾನೇ ಅಲ್ವೇನಪ್ಪಾ," ಎಂದರು ಮಿನೆಗಿಶಿ. "ನೀನೇ ಹೇಳು. ಮೇಷ್ಟ್ರು ಇಲ್ಲಿ ಯಾರಿಗೆ ತಲೆ ಬಾಗ್ಸಿದಾರೆ?"