ಸಂಸಾರಸ್ಥರಿಗೆ ಮಾತ್ರ

ಶ್ರಾವಣದ ಎರಡನೆಯ ಸೋಮವಾರ. ಅಂಗೈಯಲ್ಲಿ ಇಷ್ಟಲಿಂಗವಿತ್ತು. ಅಣ್ಣನ ಮಗ ಮಾಯಪ್ಪ ಮಿರಜದ ಆಸ್ಪತ್ರೆಯಿಂದ ಬಂದು ಹೊಸ್ತಿಲಲ್ಲಿ ನಿಂತ.

"ಕಾಕಾ, ಪೂಜಿ ಮುಗಸ್ರಿ ಮೊದಲ."

ಅಲ್ಲಿ ಮಲಗಿದ್ದ ನನ್ನ ಹೆಂಡತಿ ರತ್ನಾ ಇನ್ನಿಲ್ಲವೆಂದು ಅಷ್ಟರಿಂದಲೇ ತಿಳಿಯಿತು. ಪೂಜೆ ಮುಗಿಸಿದೆ. ಕಣ್ಣೀರು ಬಂದದ್ದು ಆಮೇಲೆ.

ಇಪ್ಪತ್ತೆಂಟು ವರ್ಷಗಳ ಹಿಂದೆ ಸಲಗರೆಯಿಂದ ಸಾಂಗಲಿಗೆ ಬಂದು ಅರಿಷಿಣದ ಪೇಟೆಯಲ್ಲಿ ಗುಮಾಸ್ತನಾದೆ. ಆಗ ಸಂಸ್ಥಾನದ ಕಾಲ. ಊರ ಹೊರಗೆ ಹೊಸ ಮನೆಗಳು ಏಳುತ್ತಿದ್ದವು. ಅಂಗಳ ತುಂಬ ಮಕ್ಕಳು, ಒಳಗೆ ತೊಟ್ಟಿಲ ಹಾಡು. ಒಂಟಿ ಗಂಡಸಿಗೆ ಅಲ್ಲಿ ಯಾರೂ ಬಾಡಿಗೆಗೆ ಖೋಲಿ ಕೊಡುತ್ತಿರಲಿಲ್ಲ.

ಮನೆಯೊಡತಿ ಸುಂದರಾಬಾಯಿ ಗಂಡನನ್ನು ಕಳೆದುಕೊಂಡವರು. ಹೆಂಡತಿಯ ವಿಷಯವನ್ನು ಬಾಗಿಲಲ್ಲೇ ಕೇಳಿದರು: "ನಿಮ್ಮ ಮಂಡಳಿ ಎಲ್ಲಿ ಅದಾರ?"

"ಬಸುರಿ ಅದಾಳ್ರಿ ಮಾವಶಿ, ತವರಿಗೆ ಹೋಗ್ಯಾಳ. ಲಿಂಗನೂರಿಗೆ" ಎಂದೆ. ನನಗೆ ಮದುವೆಯೇ ಆಗಿರಲಿಲ್ಲ.

ಖೋಲಿ ಸಿಕ್ಕಿತು. ಅವರ ಮಗಳು ರತ್ನಾ ಬಾವಿಯಲ್ಲಿ ನೀರು ಸೇದುತ್ತ ನನ್ನತ್ತ ನೋಡುವಳು. ನಾನು ನೋಡಿದರೆ ಹಗ್ಗವನ್ನೇ ನೋಡುವಳು.

"ವೈನಿ ಸುದ್ದಿ ಬಂತೇನ್ರಿ?" ಇಲ್ಲದ ನನ್ನ ಹೆಂಡತಿ ಆಗಲೇ ಅವಳಿಗೆ ಅತ್ತಿಗೆಯಾಗಿದ್ದಳು.

"ಇನ್ನೂ ಇಲ್ಲ."

"ಎಂಥಾ ಗಂಡಸ್ರಿ ನೀವು! ಒಂದು ಕಾಗದಾನೂ ಬರೆಂಗಿಲ್ಲ."

ಒಂದು ಸಂಜೆ ಜಗುಲಿಯ ಮೇಲೆ ಕೂತು ಕೂಸಿನ ತಲೆಗೆ ಕುಂಚಿಗೆ ಹೊಲಿಯುತ್ತಿದ್ದಳು. "ಸೋಮವಾರ ಅವ್ವ, ನಾನು ಲಿಂಗನೂರಿಗೆ ಹೋಗ್ತೇವಿ. ಮುತ್ತೈದೇರ ಕಡಿಂದ ವೈನಿಗೆ ಕುಬಸ ಮಾಡಿಸಿ ಉಡಿ ತುಂಬಸಬೇಕು. ಗಾಡಿನೂ ಹೇಳೇವಿ."

ನಿಜ ಹೇಳಿದರೆ ಖೋಲಿಯೂ ಹೋಗುತ್ತದೆ, ಅವಳೂ ಹೋಗುತ್ತಾಳೆ. ಹೇಳದಿದ್ದರೆ ಅವಳ ಕಣ್ಣಲ್ಲಿ ಎಂದೆಂದಿಗೂ ನಾನು ಇನ್ನೊಬ್ಬಳ ಗಂಡ.

"ಹೋಗಬ್ಯಾಡ್ರಿ. ಅಲ್ಲಿ ಯಾರೂ ಇಲ್ಲ. ನನ್ನ ಲಗ್ನಾನ ಆಗಿಲ್ಲ."

ಸೂಜಿ ನಿಂತಿತು.

"ಹಂಗಾರ ಹದಿನೈದು ದಿನ ನಾ ಯಾರ ಕೂಸಿಗೆ ಹೊಲದೆ?" ಎಂದು ಅತ್ತಳು. ಅಳುವಿನ ನಡುವೆಯೇ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಒಳಗಿನಿಂದ ಸುಂದರಾಬಾಯಿ ಬಂದರು. "ಉಡಿ ಅಕ್ಕಿ ದೇವರ ಮುಂದ ಇಟ್ಟೇನಿ ನಾ! ಖೋಲಿ ಬಿಡ್ರಿ, ಈಗಿಂದೀಗ."

ಟ್ರಂಕು ಹೊತ್ತು ಹೊರಟೆ. ಬೇಲಿಯ ಹತ್ತಿರ ರತ್ನಾ ನಿಂತಿದ್ದಳು.

"ಒಬ್ಬರ ತಿರುಗಿ ಬಂದ್ರ ಅವ್ವ ಬಾಗಿಲಾ ತೆಗೆಂಗಿಲ್ಲ. ಅಪ್ಪ-ಅವ್ವನ್ನ ಕರಕೊಂಡು ಹೆಣ್ಣು ಕೇಳಾಕ ಬಂದ್ರ..."

"ಬಂದ್ರ?"

"ನನಗೇನ ಗೊತ್ತರಿ? ಬಂದು ನೋಡ್ರಿ!"

ಬಂದೆವು. ಸುಂದರಾಬಾಯಿ ಮೂರು ಸಲ ಹಿಂದಕ್ಕೆ ಕಳಿಸಿದರು. ನಾಲ್ಕನೆಯ ಸಲ ನನ್ನ ತಾಯಿಗೆ ಮಣೆ ಹಾಕಿದರು. ಅದೇ ಖೋಲಿಯಲ್ಲಿ ನಮ್ಮ ಸಂಸಾರ ಶುರುವಾಯಿತು. ಮುನಿಸು ಬಂದಾಗಲೆಲ್ಲ ರತ್ನಾ, "ಹೋಗ್ರಿ, ನಿಮ್ಮ ಲಿಂಗನೂರಾಕಿ ಕಡೆ" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ತಾಟಿಗೆ ರೊಟ್ಟಿ ಹಾಕುತ್ತಿದ್ದಳು.

ಶಿವನೇ, ಸುಳ್ಳುಗಾರನೆಂದು ತಿಳಿದೂ ಆಕೆ ನನ್ನ ಕೈ ಹಿಡಿದಳು. ಕೊನೆಯ ನೋವಿನಲ್ಲೂ ನಿನ್ನ ಹೆಸರು ಬಿಡಲಿಲ್ಲ. ನೀನು ಆಕೆಯ ಕೈ ಬಿಡಬೇಡ. ನಿನ್ನ ಪಾದದಲ್ಲಿ ಆಕೆಗೆ ನೆಲೆಯಾಗಲಿ, ಶಾಂತಿಯಾಗಲಿ.